ಎಲ್ಲಾ ಕೀ ಟೇಬಲ್ ಮೇಲೆ

ಆ ಹೆಂಗಸು ನಮ್ಮ ಅಂಗಡಿಗೆ ಬರುವ ಹಿಂದಿನ ದಿನ ಅಣ್ಣ ಒಂದು ಓಮ್ನಿಗೆ ಹೊಡೆಯುತ್ತಿದ್ದ. ಸುತ್ತಿಗೆಯಿಂದ ಅಲ್ಲ, ಬರಿಗೈಯಲ್ಲಿ. ಹಟ ಹಿಡಿದ ಎಮ್ಮೆಯ ಬೆನ್ನಿಗೆ ಬಿಡುವ ಹಾಗೆ ಅಂಗೈ ಅಗಲಿಸಿ ಬಾಗಿಲ ಬೀಗದ ಪಕ್ಕಕ್ಕೆ ಬಿಡುತ್ತಿದ್ದ. ಜೊತೆಗೆ ಬೈಗುಳ.

"ತಿರುಗು ಅಂದ್ರೆ ತಿರುಗ್ಬೇಕು. ಅತ್ತೆ ಮನೆ ಅನ್ಕೊಂಡಿದ್ದೀಯಾ ಕೂತ್ಕೊಳ್ಳಾಕೆ? ತಿರುಗ್ತೀಯೋ ಇಲ್ವೋ?"

ಓಮ್ನಿಯವನು ತರಕಾರಿ ವ್ಯಾಪಾರಿ. ಅವನ ಮುಖ ಸಣ್ಣದಾಗಿತ್ತು. "ರಾಜಣ್ಣ, ಸ್ವಲ್ಪ ನಿಧಾನ ಕಣಣ್ಣ. ಪೇಂಟು ಹೊಸ್ದು."

"ನಿನಗೇನ್ ಒಡೀತಿದ್ದೀನಾ? ಸುಮ್ನಿರು. ಇದು ನನಗೂ ಇವಳಿಗೂ ಇರೋ ಮಾತು."

ಬೀಗ ತಿರುಗಿತು. ಅಣ್ಣ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಾನು ಹೊಲಿಗೆ ಮಿಷನ್ ನಿಲ್ಲಿಸಿ ಬುತ್ತಿ ಬಿಚ್ಚಿದೆ. ಮುದ್ದೆ, ಅವರೆಕಾಳಿನ ಸಾರು. ಉಪ್ಪು ಜಾಸ್ತಿಯಾಗಿದೆ ಎಂದು ಅದಕ್ಕೂ ಬೈದು, ನನ್ನ ಪಾಲಿನದನ್ನೂ ಬಾಚಿಕೊಂಡು ತಿಂದ. ನಮ್ಮ ಪಾಲಿಗೆ ಮಾಮೂಲಿಯಾಗಿದ್ದ ಕೊನೆಯ ದಿನ ಅದು. ಅವತ್ತು ಬೇರೇನೂ ಆಗಲಿಲ್ಲ. ಆಗದೇ ಇದ್ದದ್ದನ್ನು ಈಗ ಎಷ್ಟು ಸಲ ನೆನೆಸಿಕೊಳ್ಳುತ್ತೇನೋ ನನಗೇ ಲೆಕ್ಕವಿಲ್ಲ.

ಅಣ್ಣನ ಹೆಸರು ಮುನಿರಾಜು. ಲಗ್ಗೆರೆಯಿಂದ ಪೀಣ್ಯದ ಕಡೆ ಹೋಗುವ ರಸ್ತೆಯಲ್ಲಿ ಅವನ ಕೀ ಅಂಗಡಿ ಇತ್ತು. ಸುತ್ತಲಿನವರು ಕೀ ರಾಜಣ್ಣ ಎನ್ನುತ್ತಿದ್ದರು. ಅಂಗಡಿಯ ಅರ್ಧ ಅವನದು, ಪರದೆ ಕಟ್ಟಿದ ಇನ್ನರ್ಧ ನನ್ನದು. ನಾನು ರವಿಕೆ ಹೊಲಿಯುತ್ತೇನೆ. ಹೊಡೆತ ತಾಳಲಾರದೆ ಗಂಡನ ಮನೆ ಬಿಟ್ಟು ನಾನು ಬಂದಾಗ ಅಣ್ಣ ಒಂದು ಮಾತೂ ಕೇಳಲಿಲ್ಲ. ಮೊದಲು ಹೋಗಿ ನನ್ನ ಗಂಡನ ಮುಂದಿನ ಎರಡು ಹಲ್ಲು ಉದುರಿಸಿ ಬಂದ. ಆಮೇಲೆ ಹಳೇ ಹೊಲಿಗೆ ಮಿಷನ್ ಒಂದನ್ನು ತಂದು ಅಂಗಡಿಯ ಮುಂಭಾಗದಲ್ಲಿ ಬೆಳಕು ಬೀಳುವ ಕಡೆ ಇಟ್ಟ. ಅವನು ಮಾತ್ರ ಒಳಗಿನ ಕತ್ತಲಿಗೆ ಸರಿದುಕೊಂಡ. "ನನಗೆ ಬೆಳಕು ಬ್ಯಾಡ, ಕೈಯೇ ನೋಡ್ತದೆ" ಅಂದ. ಅದು ಸುಳ್ಳು. ಆಮೇಲೆ ಅವನು ಕೀಯನ್ನು ಉಜ್ಜುವಾಗಲೆಲ್ಲ ಬಾಗಿಲ ತನಕ ಎದ್ದು ಬಂದು ಬಿಸಿಲಿಗೆ ಹಿಡಿದು ನೋಡುತ್ತಿದ್ದ.

ಅವನು ಕೆಲಸ ಕಲಿತದ್ದು ಹಳೇ ಗಾಡಿಗಳ ಮೇಲೆ. ಅಂಬಾಸಡರ್, ಸುಮೋ, ಕ್ವಾಲಿಸ್. ಕೀ ಕಳೆದುಕೊಂಡವರು ಬಂದರೆ ಹಲ್ಲು ಕೊರೆಯದ ಖಾಲಿ ಕೀಯನ್ನು ಸೀಮೆಎಣ್ಣೆ ದೀಪದ ಮೇಲೆ ಹಿಡಿದು ಕಪ್ಪು ಹತ್ತಿಸುತ್ತಿದ್ದ. ಅದನ್ನು ಬೀಗಕ್ಕೆ ತೂರಿಸಿ, ಅಲ್ಲಾಡಿಸಿ, ಹೊರಗೆ ತೆಗೆದು, ಎಲ್ಲಿ ಮಸಿ ಅಳಿಸಿದೆಯೋ ಅಲ್ಲಿ ಅರ ಹಾಕಿ ಉಜ್ಜುತ್ತಿದ್ದ. ಮತ್ತೆ ಕಪ್ಪು, ಮತ್ತೆ ಬೀಗ, ಮತ್ತೆ ಅರ. ಬಾಯಲ್ಲಿ ನಿಲ್ಲದ ಬೈಗುಳ. ಅವನ ಕೈಯಿಂದ ಕೀ ಹುಟ್ಟುವುದನ್ನು ನೋಡಿದರೆ ಯಾರಾದರೂ ಬೀಗಕ್ಕೂ ಅವನಿಗೂ ಹಳೇ ದ್ವೇಷವಿದೆ ಎಂದುಕೊಳ್ಳಬೇಕು.

ಆ ಕಾಲದಲ್ಲಿ ಅವನನ್ನು ಕಾಡುತ್ತಿದ್ದವರು ಸಾಲ ಕಟ್ಟದ ಗಾಡಿಗಳನ್ನು ಎಳೆದೊಯ್ಯುವ ಹುಡುಗರು. ಒಂದು ಸಲ ನಾಲ್ಕು ಜನ ಸುಮೋ ಒಂದನ್ನು ಹಗ್ಗ ಕಟ್ಟಿ ಎಳೆದು ತಂದು ನಿಲ್ಲಿಸಿದರು. ಅದರ ಡ್ರೈವರ್ ಹಿಂದೆಯೇ ಓಡಿ ಬಂದಿದ್ದ. ಅವನ ಅಂಗಿ ಹರಿದಿತ್ತು, ಬಾಯಿಂದ ರಕ್ತ ಬರುತ್ತಿತ್ತು.

"ಗುರು, ಇದಕ್ಕೊಂದು ಕೀ ಹೊಡ್ಕೊಡು, ಬೇಗ."

"ಆರ್‌ಸಿ?"

"ಫೈನಾನ್ಸ್ ಗಾಡಿ ಕಣೋ. ಯಾವ ಆರ್‌ಸಿ?"

"ಫೈನಾನ್ಸ್ ಆದ್ರೆ ಕಾಗ್ದ ಇರ್ತದೆ. ಕಾಗ್ದ ತೋರ್ಸು, ಕೀ ತಗೋ. ಇಲ್ಲಾಂದ್ರೆ ನಿಮ್ಮಪ್ಪನ್ ಕರ್ಕೊಂಡ್ ಬಂದು ತಳ್ಳಿಸ್ಕೊಂಡು ಓಗು."

ಅವರಲ್ಲಿ ಒಬ್ಬ ಅಣ್ಣನ ತಲೆಯನ್ನು ಹಿಡಿದು ಟೇಬಲ್ಲಿಗೆ ಜಜ್ಜಿದ. ಹುಬ್ಬಿನಿಂದ ಕಿವಿಯವರೆಗೆ ಸೀಳಿತು. ಅಣ್ಣ ತಲೆ ಎತ್ತುವ ಮೊದಲೇ ಕೈಗೆ ಸಿಕ್ಕ ಅರವನ್ನು ಅವನ ತೊಡೆಗೆ ನೆಟ್ಟಿದ್ದ. ಅವನು ಕಿರುಚಿದ್ದನ್ನು ರಸ್ತೆಯಾಚೆಯ ಪೆಟ್ರೋಲ್ ಬಂಕಿನವರೂ ಕೇಳಿಸಿಕೊಂಡರು. ಉಳಿದವರು ಅವನನ್ನು ಎತ್ತಿಕೊಂಡು ಓಡಿದರು. ಸುಮೋ ನಮ್ಮ ಅಂಗಡಿಯ ಮುಂದೆಯೇ ಉಳಿಯಿತು. ಅಣ್ಣ ನನ್ನ ರವಿಕೆ ಬಟ್ಟೆಯ ಚೂರೊಂದನ್ನು ತಲೆಗೆ ಒತ್ತಿಕೊಂಡು, ಡ್ರೈವರ್‌ಗೆ, "ನೀನೂ ಅಷ್ಟೇ, ಕಂತು ಕಟ್ಟು. ದಿನಾ ನನ್ ತಲೆ ಒಡ್ಸಕ್ಕಾಗಲ್ಲ" ಅಂದ. ಹೊಲಿಗೆ ಹಾಕಿಸಿಕೊಂಡ ಆ ಗಾಯ ಕೊನೆಯವರೆಗೂ ಅವನ ಮುಖದಲ್ಲಿ ಬಿಳಿ ದಾರದ ಹಾಗೆ ಕಾಣುತ್ತಿತ್ತು.

ಆಮೇಲೆ ಗಾಡಿಗಳು ಬದಲಾದವು. ಕೀಯ ತಲೆಯಲ್ಲಿ ಚಿಪ್ ಬಂತು. ಅಣ್ಣ ಎಷ್ಟು ಚೆನ್ನಾಗಿ ಹಲ್ಲು ಕೊರೆದರೂ ಬೀಗ ತಿರುಗುತ್ತಿತ್ತು, ಇಂಜಿನ್ ಮಾತ್ರ ಕೆಮ್ಮಿ ಸುಮ್ಮನಾಗುತ್ತಿತ್ತು. ಒಂದಷ್ಟು ಕಾಲ ಅವನು ಆ ಗಾಡಿಗಳಿಗೂ ಹೊಡೆದು ನೋಡಿದ. ಕೊನೆಗೆ ಗಾಡಿ ಸಾಮಾನು ಮಾರುವ ಜೆ.ಸಿ. ರಸ್ತೆಗೆ ಹೋಗಿ ಕೈಯಲ್ಲಿ ಹಿಡಿಯುವಂಥ ಒಂದು ಮಿಷನ್ ತಂದ. ಅದರ ವೈರನ್ನು ಸ್ಟೀರಿಂಗ್ ಕೆಳಗೆ ಚುಚ್ಚಿದರೆ ಚಿಕ್ಕ ಪರದೆಯ ಮೇಲೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ನಾನು ಹತ್ತನೇ ಕ್ಲಾಸು ಓದಿದ್ದೆ. ಹಾಗಾಗಿ ಪಕ್ಕದ ಸೀಟಿನಲ್ಲಿ ಕೂತು ಓದುವ ಕೆಲಸ ನನಗೆ ಬಂತು.

"ಏನಂತಾನೆ ಇವ್ನು?" ಎಂದು ಅಣ್ಣ ಮಿಷನ್ ತೋರಿಸಿ ಕೇಳುತ್ತಿದ್ದ. ನಾನು ಹೇಳುತ್ತಿದ್ದೆ. ಅವನು ಗುಂಡಿ ಒತ್ತುತ್ತಿದ್ದ.

ಗಿರಾಕಿಗಳಿಗೆ ಅವನು ವಿವರಿಸುತ್ತಿದ್ದದ್ದು ಹೀಗೆ: "ಹಳೇ ಗಾಡಿಗೆ ಹಲ್ಲು ಕೂತ್ರೆ ಸಾಕಿತ್ತು ಸಾರ್. ಹೊಸ ಗಾಡಿ ಹಲ್ಲೂ ನೋಡ್ತದೆ, ಹೆಸರೂ ಕೇಳ್ತದೆ. ಒಳಗೆ ಹೆಸರು ಬರ್ದಿರ್ಬೇಕು. ಇಲ್ಲಾಂದ್ರೆ ಬಾಗ್ಲು ತೆಗೆದು ಒಳಗ್ ಕೂರಿಸ್ಕೊಂಡು ಸುಮ್ನೆ ಇರ್ತದೆ, ಕದಲಲ್ಲ."

ಇದನ್ನು ಕಲಿಯುವ ದಾರಿಯಲ್ಲಿ ಒಂದು ದೊಡ್ಡ ಎಡವಟ್ಟಾಯಿತು. ನಮ್ಮ ಕಡೆಯ ಹಳೇ ಯಜಮಾನರೊಬ್ಬರಿದ್ದರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಶೆಡ್ಡು ಕಟ್ಟಿಸಿ ಕಾರ್ಖಾನೆಗಳಿಗೆ ಬಾಡಿಗೆ ಬಿಟ್ಟಿದ್ದರು. ಇಬ್ಬರು ಗಂಡುಮಕ್ಕಳು, ಅವರಿಬ್ಬರ ನಡುವೆ ಮಾತಿಲ್ಲ. ಮನೆಗೆ ಒಂದೇ ಕಾರು. ಒಂದು ಕೀ ಅಪ್ಪನ ಹತ್ತಿರ, ಇನ್ನೊಂದು ದೊಡ್ಡ ಮಗನ ಹತ್ತಿರ. ಚಿಕ್ಕವನಿಗೂ ಒಂದು ಇರಲಿ ಎಂದು ಯಜಮಾನರು ತಮ್ಮ ಕೀಯನ್ನಷ್ಟೇ ತಂದು ಹೊಸದೊಂದು ಮಾಡಿಸಿದರು. ಮಿಷನ್ ಏನೋ ಕೇಳಿತು. ನಾನು ಓದಿದೆ. ಅಣ್ಣ ಹೂಂ ಒತ್ತಿದ. ಕೆಲವು ಗಾಡಿಗಳಲ್ಲಿ ಹೊಸ ಕೀ ಸೇರಿಸುವಾಗ ಹಳೇ ಹೆಸರುಗಳೆಲ್ಲ ಅಳಿಸಿ, ಆಗ ಮುಂದೆ ಇರುವ ಕೀಗಳನ್ನು ಮಾತ್ರ ಅದು ಮತ್ತೆ ಬರೆದುಕೊಳ್ಳುತ್ತದೆ ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ, ದೊಡ್ಡ ಮಗನ ಜೇಬಿನಲ್ಲಿದ್ದ ಕೀ ಸತ್ತುಹೋಯಿತು.

ಮರುದಿನ ದೊಡ್ಡವನ ಕೈಯಲ್ಲಿ ಕಾರು ಸ್ಟಾರ್ಟ್ ಆಗಲಿಲ್ಲ. ತಮ್ಮನ ಕೈಯಲ್ಲಿ ಆಯಿತು. ಅಪ್ಪ ನನ್ನನ್ನು ಆಸ್ತಿಯಿಂದ ಹೊರಗೆ ಹಾಕಲು ಶುರುಮಾಡಿದ್ದಾನೆ, ಇದು ಮೊದಲನೇದು ಎಂದು ದೊಡ್ಡವನು ತಿಳಿದ. ಹಾರೆ ತಗೊಂಡು ಕಾರಿನ ಗಾಜು ಪುಡಿ ಮಾಡಿದ. ಚಿಕ್ಕವನು ಅದೇ ಕಾರು ಓಡಿಸಿಕೊಂಡು ನಮ್ಮ ಅಂಗಡಿಯ ತನಕ ಬಂದ. ದೊಡ್ಡವನು ಬೈಕಿನಲ್ಲಿ ಅಟ್ಟಿಸಿಕೊಂಡು ಬಂದು ಹಾರೆಯಿಂದ ತಮ್ಮನ ಮೊಣಕೈಗೆ ಬಿಟ್ಟ. ತಮ್ಮ ಬಿದ್ದಲ್ಲಿಂದಲೇ ಕಲ್ಲೆತ್ತಿ ಅವನ ನೆತ್ತಿ ಒಡೆದ. ರಸ್ತೆ ನಿಂತಿತು. ಜನ ನೋಡುತ್ತ ನಿಂತರು.

ನಮ್ಮ ರಾಜಣ್ಣ ನಡುವೆ ನುಗ್ಗಿ ದೊಡ್ಡವನನ್ನು ಹಿಂದಿನಿಂದ ತಬ್ಬಿ ಹಿಡಿದು ಕೂಗಿದ: "ನಿಮ್ಮಪ್ಪ ಅಲ್ಲ ಕಣ್ಲಾ! ನಾನು! ನಿನ್ ಕೀ ಸಾಯಿಸಿದ್ದು ನಾನು! ಗೊತ್ತಿಲ್ದೆ ಆಯ್ತು!"

ಆಮೇಲೆ ಆ ಇಬ್ಬರು ಒಂದಾದರು. ಇಬ್ಬರೂ ಸೇರಿ ರಾಜಣ್ಣನನ್ನು ಚರಂಡಿಯ ತನಕ ಹೊಡೆದುಕೊಂಡು ಹೋದರು. ಜನ ಬಿಡಿಸುವಷ್ಟರಲ್ಲಿ ಅವನ ಒಂದು ಪಕ್ಕೆಲುಬು ಮುರಿದಿತ್ತು. ಕೆಸರಲ್ಲಿ ಮಲಗಿಕೊಂಡೇ ನನಗೆ ಹೇಳಿದ: "ನೋಡು ಜಯ, ಎಷ್ಟ್ ವರ್ಷದಿಂದ ಆ ಮುದುಕನ್ ಕೈಲಿ ಆಗಿರ್ಲಿಲ್ಲ. ಮಕ್ಕಳ್ನ ಸೇರ್ಸಿಬಿಟ್ಟೆ." ನಕ್ಕರೆ ಪಕ್ಕೆ ನೋಯುತ್ತಿತ್ತು. ಆದರೂ ನಗುತ್ತಿದ್ದ.

ಅಂದಿನಿಂದ ಅವನೊಂದು ಕಟ್ಟುಪಾಡು ಮಾಡಿಕೊಂಡ. ಯಾರು ಬಂದರೂ ಮೊದಲ ಮಾತು: "ಎಲ್ಲಾ ಕೀ ಟೇಬಲ್ ಮ್ಯಾಲೆ! ಹೆಂಡ್ತಿ ಹತ್ರ ಇರೋದು, ಡ್ರೈವರ್ ಹತ್ರ ಇರೋದು, ಎಲ್ಲಾ. ಟೇಬಲ್ ಮ್ಯಾಲೆ ಇಲ್ದಿದ್ದು ಸತ್ತೋಯ್ತದೆ, ಆಮೇಲೆ ನನ್ ಪಕ್ಕೆ ಮುರಿಬ್ಯಾಡಿ." ವೈಟ್‌ಫೀಲ್ಡ್, ಮಾರತ್ತಹಳ್ಳಿ ಕಡೆಯಿಂದ ಟೈ ಕಟ್ಟಿಕೊಂಡು ಬಂದವರನ್ನೂ ಇನ್ನೊಂದು ಕೀ ತರಲು ಅಷ್ಟು ದೂರ ವಾಪಸ್ ಕಳಿಸುತ್ತಿದ್ದ. ಕೆಲಸ ಮುಗಿದ ಮೇಲೆ ಹಿಂದಿನ ಗಾಜಿನ ಮೂಲೆಗೆ ಒಂದು ಹಳದಿ ಸ್ಟಿಕ್ಕರ್ ಅಂಟಿಸುತ್ತಿದ್ದ. ಕೀ ರಾಜಣ್ಣ, ಲಗ್ಗೆರೆ, ಕೆಳಗೆ ಫೋನ್ ನಂಬರ್. ಬೇಡ ಎಂದವರಿಗೂ ಅಂಟಿಸುತ್ತಿದ್ದ. "ನನ್ ಕೈ ಬಿದ್ದ ಗಾಡಿ ಅಂತ ಊರಿಗೆ ಗೊತ್ತಾಗ್ಬೇಕು" ಎನ್ನುತ್ತಿದ್ದ.

ಇನ್ನು ಆ ಹೆಂಗಸು. ಅವಳ ಹೆಸರು ನಾನು ಬರೆಯುವುದಿಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸ. ತಾನೇ ಕಾರು ಓಡಿಸಿಕೊಂಡು ಬಂದಳು. ಹಿಂದಿನ ಸೀಟಿನಲ್ಲಿ ಪುಟ್ಟ ಹುಡುಗಿ ಒಂದು ಬನ್ ತಿನ್ನುತ್ತ ಕೂತಿತ್ತು, ಪಕ್ಕದಲ್ಲಿ ಬಟ್ಟೆ ತುಂಬಿದ ಎರಡು ಚೀಲ.

"ಎಲ್ಲಾ ಕೀ ಟೇಬಲ್ ಮ್ಯಾಲೆ," ಅಂದ ಅಣ್ಣ.

ಅವಳು ಒಂದೇ ಕೀ ಇಟ್ಟಳು. ಪಕ್ಕದಲ್ಲಿ ಆರ್‌ಸಿ ಇಟ್ಟಳು. ಗಾಡಿ ಅವಳ ಹೆಸರಿನಲ್ಲೇ ಇತ್ತು.

"ಇನ್ನೊಂದು?"

"ನಮ್ಮನೆಯವ್ರ ಜೇಬಲ್ಲಿದೆ ಅಣ್ಣ."

"ತಗೊಂಡ್ ಬಾರಮ್ಮ. ಇಲ್ದೆ ಮಾಡಿದ್ರೆ ಅದು ಸತ್ತೋಯ್ತದೆ."

"ಅದಕ್ಕೇ ಬಂದಿದ್ದೀನಿ. ಅದನ್ನ ಸಾಯಿಸ್ಬೇಕು."

ಅಣ್ಣ ಅರ ಕೆಳಗಿಟ್ಟ. ಅವಳು ನಿಧಾನವಾಗಿ ಹೇಳಿದಳು. ಹಿಂದೆ ಒಂದು ಸಲ ಮಗಳನ್ನು ಕರೆದುಕೊಂಡು ಆನೇಕಲ್‌ನ ತಾಯಿ ಮನೆಗೆ ಹೋಗಿದ್ದಳು. ಗಂಡ ಬೆಳಗ್ಗೆ ಬಂದ. ಮಗು ಆಟವಾಡುತ್ತ ಕಾರಿನಲ್ಲಿ ಕೂತಿತ್ತು. ತನ್ನ ಕೀ ಹಾಕಿದ, ಮಗುವಿನ ಸಮೇತ ಕಾರು ತೆಗೆದುಕೊಂಡು ಹೋದ. ಇವಳು ಬರಿಗಾಲಲ್ಲಿ ಹಿಂದೆ ಓಡಿದಳು. ಮಗುವಿಗಾಗಿ ತಾನೇ ವಾಪಸ್ ಹೋಗಿ ಅವನ ಮನೆ ಬಾಗಿಲು ತಟ್ಟಿದಳು. ಇಷ್ಟು ಹೇಳಿ, "ಆಮೇಲೆ ಏನಾಯ್ತು ಅಂತ ಕೇಳ್ಬೇಡಿ" ಅಂದಳು.

ಅಣ್ಣ ನನ್ನ ಮುಖ ನೋಡಿದ. ಗಂಡಹೆಂಡಿರ ಜಗಳದಲ್ಲಿ ಕೈ ಹಾಕಿ ಒಬ್ಬರ ಕೀ ಅಳಿಸುವುದು ಅವನ ಕಟ್ಟುಪಾಡಿಗೆ ವಿರುದ್ಧ. ನಾನು ಅವಳನ್ನು ಅಳತೆ ತೆಗೆಯುವವಳ ಹಾಗೆ ಪರದೆಯ ಹಿಂದೆ ಕರೆದೆ. ಅವಳು ಬೆನ್ನು ತೋರಿಸಿದಳು. ಬೆಲ್ಟಿನ ಕಬ್ಬಿಣದ ಕೊಂಡಿ ಬಿದ್ದ ಕಡೆಯೆಲ್ಲ ಚೌಕ ಚೌಕವಾಗಿ ಹೆಪ್ಪುಗಟ್ಟಿತ್ತು. ಹಳೆಯದರ ಮೇಲೆ ಹೊಸದು. ಹೊರಗೆ ಬಂದು ಅಣ್ಣನಿಗೆ, "ಮಾಡ್ಕೊಡು" ಎಂದೆ. ಇವತ್ತು ಅವಳು ಮತ್ತೆ ಬಂದು ನಿಂತರೂ ಅದನ್ನೇ ಹೇಳುತ್ತೇನೆ.

ಅಣ್ಣ ಮಿಷನ್ ಚುಚ್ಚಿದ. ನಾನು ಓದಿದೆ. ಈ ಸಲ ಅದು ಏನು ಕೇಳುತ್ತಿದೆ ಎಂದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. "ಎಲ್ಲಾ ಅಳಿಸ್ಲಾ ಅಂತ ಕೇಳ್ತಿದೆ" ಎಂದೆ. "ಅಳ್ಸೋ ನನ್ಮಗನೆ" ಎಂದು ಗುಂಡಿಯನ್ನು ಹೆಬ್ಬೆರಳಿಂದ ಗುದ್ದಿದ. ಆಮೇಲೆ ಅವಳ ಕೀಯೊಂದನ್ನೇ ಬರೆಸಿದ.

"ನೋಡಮ್ಮ, ಅವನ ಕೀ ಬಾಗ್ಲು ತೆಗೀತದೆ. ಗಾಡಿ ಸ್ಟಾರ್ಟ್ ಆಗಲ್ಲ. ಮಗೂನ ಗಾಡೀಲಿ ಒಬ್ಳನ್ನೇ ಬಿಡ್ಬ್ಯಾಡ. ಬಾಗ್ಲ ಬೀಗಾನೂ ಬೇಗ ಬದಲಾಯ್ಸು." ಹೀಗೆ ಎಲ್ಲ ಎಚ್ಚರಿಕೆ ಹೇಳಿದವನು, ಹೇಳುತ್ತ ಹೇಳುತ್ತಲೇ, ಕೈ ರೂಢಿಯಲ್ಲಿ, ಹಿಂದಿನ ಗಾಜಿಗೆ ಹಳದಿ ಸ್ಟಿಕ್ಕರ್ ಅಂಟಿಸಿ ಅಂಗೈಯಿಂದ ಒತ್ತಿದ. ನಾನೂ ನೋಡುತ್ತ ನಿಂತಿದ್ದೆ. ಅದು ನಮ್ಮಿಬ್ಬರಿಗೂ ಸ್ಟಿಕ್ಕರ್ ಆಗಿ ಕಾಣಲೇ ಇಲ್ಲ. ಕೆಲಸ ಮುಗಿಯಿತು ಎನ್ನುವುದಕ್ಕೆ ಅದೊಂದು ಗುರುತು, ಅಷ್ಟೇ.

ಕೆಲವು ದಿನ ಕಳೆದು ಅವಳ ಫೋನ್ ಬಂತು. ಅಣ್ಣ ಸ್ಪೀಕರ್ ಹಾಕಿದ.

"ಅಣ್ಣ, ನಮ್ಮನೆಯವ್ರು ಅಮ್ಮನ ಮನೆಗೆ ಬಂದಿದ್ರು. ಕೀ ತಿರುಗಿಸಿ ತಿರುಗಿಸಿ ಸಾಕಾಗಿ ಸ್ಟೀರಿಂಗ್ ಗುದ್ದಿದ್ರು. ಬೀದಿಯವರೆಲ್ಲ ಸೇರಿ ಓಡ್ಸಿದ್ರು. ಇನ್ನು ಇಲ್ಲಿರಲ್ಲ ನಾವು. ಹೊರಡ್ತಿದ್ದೀವಿ, ಎಲ್ಲಿಗೆ ಅಂದ್ರೆ—"

"ಹೇಳ್ಬ್ಯಾಡ!" ಎಂದು ಅಣ್ಣ ಕೂಗಿದ. "ನನ್ ಬಾಯಿ ದೊಡ್ಡದು ಕಣಮ್ಮ. ನನಗೆ ಹೇಳ್ಬ್ಯಾಡ. ಓಗು, ಸುಮ್ನೆ ಓಗು. ಮಗೀಗೆ ಊಟ ಮಾಡ್ಸಿದ್ಯಾ?"

"ಮಾಡ್ಸಿದ್ದೀನಿ."

"ಸರಿ, ಓಗು."

ಫೋನಿಟ್ಟು, ಅವನು ಕೀಯ ಮೇಲೆ ಬಗ್ಗಿದ. ಬೈಯಲಿಲ್ಲ. ಆ ಮಧ್ಯಾಹ್ನವೆಲ್ಲ ಅವನು ಯಾವ ಬೀಗಕ್ಕೂ ಬೈಯಲಿಲ್ಲ.

ಅವಳ ಗಂಡ ಬಂದದ್ದು ಅದರ ಮರುದಿನ. ನಾನು ರವಿಕೆಗೆ ಇಸ್ತ್ರಿ ಹಾಕುತ್ತಿದ್ದೆ. ನೀಟಾಗಿ ಇನ್‌ಶರ್ಟ್ ಮಾಡಿದ್ದ ಮನುಷ್ಯ. ಅವನ ಬೆರಳ ತುದಿಯಲ್ಲಿ ಕಾರು ಸ್ಟಾರ್ಟ್ ಆಗದ ದಿನ ಅದರ ಗಾಜಿನಿಂದ ಕಿತ್ತ ಹಳದಿ ಸ್ಟಿಕ್ಕರ್ ಅಂಟಿಕೊಂಡಿತ್ತು.

"ರಾಜಣ್ಣ ಅಂದ್ರೆ ನೀವೇನಾ?"

"ಹೌದು ಸಾರ್. ಹೇಳಿ."

ಅವನು ಕೀಯೊಂದನ್ನು ಟೇಬಲ್ ಮೇಲೆ ಎಸೆದ. "ಇದು ಸತ್ತೋಗಿದೆ."

ಅಣ್ಣ ಕೀ ನೋಡಿದ. ಎದ್ದು ನಿಂತ. "ಗಾಡಿ ಯಾರ ಹೆಸರಲ್ಲಿದೆ?"

"ನನ್ ಹೆಂಡ್ತಿ ಹೆಸರಲ್ಲಿ."

"ಅಂಗಾದ್ರೆ ಅವರ್ನ ಕಳ್ಸಿ."

"ಅದಕ್ಕೇ ಕೇಳ್ತಿರೋದು. ಅವಳ ತಾಯಿ ಮನೇಲೂ ಅವಳಿಲ್ಲ. ಎಲ್ಲಿದ್ದಾಳೆ ಅಂತ ನಿನಗೆ ಗೊತ್ತಲ್ವಾ?"

ಗೊತ್ತಿಲ್ಲ ಎನ್ನಲು ನಾನು ಬಾಯಿ ತೆರೆದೆ. ಅಣ್ಣ ನನ್ನ ಕಡೆ ತಿರುಗದೆಯೇ ಕೈ ಅಡ್ಡ ಮಾಡಿದ.

"ಗೊತ್ತು," ಅಂದ. "ಹೇಳಲ್ಲ. ಏನ್ಲಾ ಮಾಡ್ತೀಯ?"

ಅವನು ಇನ್‌ಶರ್ಟ್ ಎಳೆದು ಸೊಂಟದಿಂದ ಮಚ್ಚು ತೆಗೆದ. ಮೊದಲ ಏಟಿಗೆ ಅಣ್ಣ ಎರಡು ಕೈಯನ್ನೂ ಅಡ್ಡ ಹಿಡಿದ. ಬಲಗೈಯ ಬೆರಳುಗಳು ಟೇಬಲ್ ಮೇಲೆ ಬಿದ್ದವು. ಎರಡನೆಯದು ಹೆಗಲಿಗೆ. "ಹೇಳು" ಎಂದು ಅವನು ಕೇಳುತ್ತಿದ್ದ, ಕೇಳಿ ಹೊಡೆಯುತ್ತಿದ್ದ. ಅಣ್ಣ ಪ್ರತಿ ಸಲ "ಹೇಳಲ್ಲ ಕಣೋ" ಎನ್ನುತ್ತಿದ್ದ. ಹೊಟ್ಟೆಗೆ ಬಿದ್ದ ಮೇಲೆ ಮಾತು ನಿಂತಿತು. ನಾನು ಸುಡುತ್ತಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಅವನ ಮುಖಕ್ಕೆ ಒತ್ತಿದೆ. ಚರ್ಮ ಸುಟ್ಟ ವಾಸನೆ ಬಂತು. ಅವನು ಮಚ್ಚು ಬಿಸಾಡಿ ಕೂಗುತ್ತ ರಸ್ತೆಗೆ ಓಡಿದ. ಬಂಕಿನ ಹುಡುಗರು ಹಿಡಿದು ಹಾಕಿದರು.

ಆಸ್ಪತ್ರೆಯಲ್ಲಿ ಅಣ್ಣನಿಗೆ ಒಂದು ಸಲ ಪೂರ್ತಿ ಎಚ್ಚರವಾಯಿತು. ನಾನು ಕೇಳಿದೆ: "ಗೊತ್ತಿಲ್ಲ ಅಂದಿದ್ರೆ ಆಗ್ತಿತ್ತಲ್ಲ ಅಣ್ಣ. ನಿಜವಾಗ್ಲೂ ಗೊತ್ತಿರ್ಲಿಲ್ಲ ನಮಗೆ."

"ಗೊತ್ತಿಲ್ಲ ಅಂದಿದ್ರೆ ವಾಪಸ್ ಆ ತಾಯಿ ಹತ್ರ ಓಗಿರೋನು. ಮುದುಕಿ. ಅವಳ್ಗೆ ಗೊತ್ತು." ಉಸಿರು ತೆಗೆದುಕೊಳ್ಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. "ನಾನಾದ್ರೆ ವಾಪಸ್ ಒಂದು ಬಿಡ್ತೀನಿ. ಬಿಟ್ಟೆ, ಮೂಗಿಗೆ. ನೋಡಿದ್ಯಾ?"

ನಾನು ನೋಡಿರಲಿಲ್ಲ. "ನೋಡ್ದೆ" ಎಂದೆ.

"ಹೆಂಗಿತ್ತು?"

"ಸಕ್ಕತ್ತಾಗಿತ್ತು."

ಅವನಿಗೆ ಸಮಾಧಾನವಾಯಿತು. ಬ್ಯಾಂಡೇಜು ಸುತ್ತಿದ ಕೈಯನ್ನು ನನ್ನ ತಲೆಯ ಮೇಲಿಡಲು ನೋಡಿದ, ಭಾರವಾಗಿ ಕೆಳಗೆ ಬಿತ್ತು. ಬೆಳಗಾಗುವ ಹೊತ್ತಿಗೆ ಅವನು ಹೋಗಿದ್ದ.

ಕೇಸು ನಡೆಯುತ್ತಿದೆ. ಆ ಕಡೆಯ ವಕೀಲರು ಕೂಲಿಯ ವಿಷಯಕ್ಕೆ ಜಗಳವಾಯಿತು, ಮೊದಲು ಕೈ ಮಾಡಿದವನು ರಾಜಣ್ಣನೇ, ಅವನು ಮೊದಲಿಂದಲೂ ಹೊಡೆದಾಟದ ಮನುಷ್ಯ ಎನ್ನುತ್ತಾರೆ. ಅವನ ಮುಖದ ಹಳೇ ಗಾಯದ ವಿಷಯ ಎತ್ತಿದರು. ನನ್ನ ಗಂಡನ ಹಲ್ಲಿನ ವಿಷಯವನ್ನೂ ಎತ್ತಿದರು. ಅದೆಲ್ಲ ನಿಜ, ನಾನು ಇಲ್ಲ ಅನ್ನಲಿಲ್ಲ. ನಮ್ಮ ಕಡೆಯ ವಕೀಲರು, ಆ ಹೆಂಗಸು ಬಂದು ಒಂದು ಮಾತು ಹೇಳಿದರೆ ಸಾಕು, ಅವನು ಯಾಕೆ ಬಂದ ಎನ್ನುವುದು ಎಲ್ಲರಿಗೂ ಗೊತ್ತಾಗುತ್ತದೆ ಎನ್ನುತ್ತಾರೆ. ಪೊಲೀಸರು ಹುಡುಕಿದರು. ಕಾರು ಯಾರಿಗೋ ಮಾರಿಹೋಗಿದೆ. ನಾನೂ ಒಂದು ದಿನ ಬಸ್ಸು ಹತ್ತಿ ಆನೇಕಲ್‌ಗೆ ಹೋದೆ. ಅವಳ ತಾಯಿ ಬಾಗಿಲನ್ನು ಪೂರ್ತಿ ತೆಗೆಯಲಿಲ್ಲ. ನಾನು ಯಾರೆಂದು ಹೇಳಿದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

"ಮಗಳೆಲ್ಲಿ ಅಮ್ಮ?" ಎಂದು ಕೇಳಬೇಕಿತ್ತು. ಕೇಳಿದರೆ ಹೇಳುತ್ತಿದ್ದರೋ ಏನೋ. ನಾನು ಕೇಳಲಿಲ್ಲ.

"ಮಗು ಚೆನ್ನಾಗಿದೆಯಾ?" ಎಂದೆ.

ಆಕೆ ಹೌದೆಂದು ತಲೆ ಆಡಿಸಿದರು. ನಾನು ವಾಪಸ್ ಬಂದೆ.

ಮುಂದಿನ ತಾರೀಖಿಗೆ, ಅವನು ಯಾಕೆ ಬಂದ ಎನ್ನುವುದಕ್ಕೆ ನಾನೊಬ್ಬಳೇ ಸಾಕ್ಷಿ. ಅವಳು ಸಿಕ್ಕಿಲ್ಲ. ಅಣ್ಣ ಇಲ್ಲ.